ಅಳೆದ ಕೆಲಸಕ್ಕೆ ಹಣ ಎಲ್ಲಿ?

ಕಾರ್ಖಾನೆಯ ಕಾರ್ಮಿಕನಿಗೆ ಸಂಬಳದ ದಿನವೆಂಬುದೊಂದಿದೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಕಟ್ಟಡ ಎಬ್ಬಿಸುವ ತುಂಡು ಗುತ್ತಿಗೆದಾರನಿಗೆ ಅದೂ ಇಲ್ಲ. ಗಾರೆಯವರ ಬಟವಾಡೆ, ಸಿಮೆಂಟಿನ ಅಂಗಡಿಯ ಉದ್ದರಿ ಮಾತ್ರ ಕಾಯುವುದಿಲ್ಲ. “ಮಾಲೀಕರಿಂದ ಹಣ ಬಂದಿಲ್ಲ” ಎಂದು ದೊಡ್ಡ ಗುತ್ತಿಗೆದಾರ ರನ್ನಿಂಗ್ ಬಿಲ್ಲನ್ನು ತಡೆದರೆ ಇವನ ಗತಿಯೇನು? ಮಾಲೀಕನೊಡನೆ ಇವನಿಗೆ ಕರಾರಿಲ್ಲ. ಕೋರ್ಟಿನಲ್ಲಿ ವರ್ಷಗಳು ಉರುಳುತ್ತವೆ.

2006ರ ಸಣ್ಣ ಉದ್ದಿಮೆಗಳ ಕಾಯ್ದೆ ಹಣ ಪಾವತಿಗೆ 45 ದಿನಗಳ ಮಿತಿ ಹಾಕಿತು. ಕಾಮಗಾರಿ ಗುತ್ತಿಗೆಗೆ ಅದು ಸಲ್ಲದೆಂದು 2017ರಲ್ಲಿ ಮುಂಬಯಿ ಹೈಕೋರ್ಟು ಹೇಳಿತು. ಇಂಗ್ಲೆಂಡಿನಲ್ಲಾದರೋ 1996ರ ಕಾನೂನು, ಮಾಲೀಕ ದಿವಾಳಿಯಾದ ಹೊರತು ಈ ನೆಪ ನಡೆಯದೆಂದಿತು. ತಂಟೆಗೆ 28 ದಿನಗಳಲ್ಲಿ ತೀರ್ಮಾನವೆಂದಿತು.

ಅಂಥ ಕಾನೂನನ್ನು ನಾವು ಕೇಳುತ್ತೇವೆ. ಅಳೆದ ಕೆಲಸಕ್ಕೆ ಹಣ ತಡೆಯುವುದು ವ್ಯಾಪಾರವಲ್ಲ. ಬಡವನಿಂದ ಬಡ್ಡಿಯಿಲ್ಲದೆ ಕಿತ್ತುಕೊಂಡ ಸಾಲ.