ಕೀರ್ತಿಯ ಹೊಟ್ಟೆನೋವು

ಕೀರ್ತಿ ಹಾಡುಗಾರನನ್ನೇ ತಿಂದು ಹಾಕುತ್ತದೆ ಎಂದು ಸಾರಲು ಹೊರಟ ಇಂಗ್ಲಿಷ್ ಸಿನಿಮಾ ಒಂದು 2025ರ ಮೇ ತಿಂಗಳಲ್ಲಿ ತೆರೆಗೆ ಬಂತು. ಹೆಸರು 'ಹರ್ರಿ ಅಪ್ ಟುಮಾರೋ'. 'ದ ವೀಕೆಂಡ್' ಎಂದೇ ಹೆಸರಾದ ಕೆನಡಾದ ಗಾಯಕ ತನ್ನದೇ ಪಾತ್ರ ಮಾಡಿದ್ದಾನೆ. 2022ರಲ್ಲಿ ಲಾಸ್ ಏಂಜಲೀಸ್‌ನ ತುಂಬಿದ ಸ್ಟೇಡಿಯಂನಲ್ಲಿ ಅವನ ದನಿ ಕೈಕೊಟ್ಟಿತ್ತು. ಕಥೆ ಹುಟ್ಟಿದ್ದು ಅಲ್ಲಿಂದ. ವಿಮರ್ಶಕರು ಚಿತ್ರವನ್ನು ಹಿಗ್ಗಾಮುಗ್ಗಾ ಝಾಡಿಸಿದರು. ತನ್ನ ಕಣ್ಣೀರಿಗೆ ತಾನೇ ಕನ್ನಡಿ ಹಿಡಿದುಕೊಂಡು ಕೂತ ಎಂಬುದು ದೂರು.

ಅಲ್ರೀ, ಇಂಥ ಕಥೆಗೆ ಅಲ್ಲೀತನಕ ಯಾಕೆ ಹೋಗಬೇಕು? ಮಾನ್ವಿ ಬಸ್ ಹತ್ತಿದರೆ ಸಾಕು.

18ನೇ ಶತಮಾನದಲ್ಲಿ ಮಾನ್ವಿಯ ಶ್ರೀನಿವಾಸಾಚಾರ್ಯರೆಂದರೆ ಸಂಸ್ಕೃತದ ಹೆಸರಾಂತ ಪಂಡಿತರು. ಕನ್ನಡದಲ್ಲಿ ಹಾಡು ಕಟ್ಟುವ ದಾಸರೆಂದರೆ ಅವರಿಗೆ ತಾತ್ಸಾರ. ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪದ ನೋವು ನಿಜವೇ ಆಯಿತು. ಕೊನೆಗೆ ವಿಜಯದಾಸರ ಕಾಲಿಗೇ ಬಿದ್ದರು. ಅವರು ಮುಖ ತಿರುಗಿಸಲಿಲ್ಲ; ಗೋಪಾಲದಾಸರ ಬಳಿ ಕಳಿಸಿದರು. ಈ ಗೋಪಾಲದಾಸರೂ ನಮ್ಮವರೇ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ನೋವು ಇಳಿಯಿತು, ಬಿಂಕವೂ ಇಳಿಯಿತು. ಆಚಾರ್ಯರು ಜಗನ್ನಾಥದಾಸರಾಗಿ 'ಹರಿಕಥಾಮೃತಸಾರ' ಬರೆದರು. ಕನ್ನಡದಲ್ಲೇ, ಸ್ವಾಮಿ!

ಜನ ಹೇಳಿಕೊಂಡು ಬಂದ ಈ ಕಥೆ ಎರಡು ಶತಮಾನ ಬಾಳಿದೆ. 2021ರಲ್ಲಿ ಮಧುಸೂದನ್ ಹವಾಲ್ದಾರ್ 'ಶ್ರೀ ಜಗನ್ನಾಥದಾಸರು' ಎಂಬ ಸಿನಿಮಾವನ್ನೂ ಮಾಡಿದರು. ಅಮೆರಿಕದ ಚಿತ್ರದಲ್ಲಿ ಬಿದ್ದವನೊಬ್ಬನೇ ಇದ್ದಾನೆ. ಮಾನ್ವಿಯ ಕಥೆಯಲ್ಲಿ ಎತ್ತುವವರೂ ಇದ್ದಾರೆ.

ನಾವು ಎತ್ತುತ್ತೇವಾ? ಜಿಲ್ಲೆಯ ಹುಡುಗಿಯೊಬ್ಬಳು ಟಿವಿಯ ಹಾಡಿನ ಸ್ಪರ್ಧೆಗೆ ಆಯ್ಕೆಯಾದಳು ಅನ್ನಿ. ಬಸ್ ಸ್ಟ್ಯಾಂಡ್ ತುಂಬ ಫ್ಲೆಕ್ಸು, ಹಾರ, ಪಟಾಕಿ. ಎರಡನೇ ಸುತ್ತಿನಲ್ಲಿ ಸೋತು ಬಂದರೆ? ಫ್ಲೆಕ್ಸು ಯಾರದೋ ಗುಡಿಸಲಿನ ಮೇಲೆ ತಾಡಪತ್ರಿ. ಹುಡುಗಿಯನ್ನು ಮಾತಾಡಿಸೋರೂ ಇಲ್ಲ. ಹದಿನೈದು ವರ್ಷದ ಕೂಸಿಗೆ ಎಂಥ ಏಟು ನೋಡ್ರಿ!

ಅಂಗಡಿ ಮಾಲೀಕರೇ, ಫ್ಲೆಕ್ಸಿಗೆ ಅಂತ ವಂತಿಗೆ ಕೇಳಲು ಬಂದರೆ ಅರ್ಧ ದುಡ್ಡು ಆ ಕೂಸಿನ ಸಂಗೀತ ಮಾಸ್ತರರ ಫೀಗೆ ಕಟ್ಟಿಸಿ. ವಚನ ಹಾಡಿ ಹೆಸರಾದ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರಲ್ಲೇ ಇದೆ. ಸೋತು ಬಂದವಳನ್ನೂ ಅಲ್ಲಿಗೆ ಕರೆಸಿ, ಒಂದು ತಾಸು ಕೂತು ಕೇಳಿ. ಗೆದ್ದಾಗ ಹಾರ ಹಾಕೋರು ಸಾವಿರ ಮಂದಿ ಸಿಗ್ತಾರ. ಸೋತಾಗ ಕೇಳೋರು ಹತ್ತು ಮಂದಿ ಇದ್ದರೂ ಹಾಡು ಉಳೀತದ. ಏನಂತೀರಿ?