ವೈದ್ಯ ವಿದ್ಯಾರ್ಥಿ ಮತ್ತು ಭಾವಸಂಯಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಯಾವ ಹಳ್ಳಿಯಲ್ಲಾದರೂ ಒಬ್ಬ ಹುಡುಗನಿಗೋ ಹುಡುಗಿಗೋ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆತರೆ ಅದು ಇಡೀ ಊರಿನ ಹಬ್ಬವಾಗುತ್ತದೆ. ಹಾರ ತುರಾಯಿಗಳ ಸತ್ಕಾರ ಜರುಗುತ್ತದೆ. ಇದು ಸಹಜವೂ ಹೌದು, ಸಂತೋಷದ ಸಂಗತಿಯೂ ಹೌದು. ಆದರೆ ಹಾರ ಬಾಡಿದ ಮೇಲೆ ಆ ವಿದ್ಯಾರ್ಥಿಯ ಅಂತರಂಗದಲ್ಲಿ ಏನು ನಡೆಯುತ್ತದೆ ಎಂಬುದನ್ನು ನಾವು ವಿಚಾರಿಸುವುದಿಲ್ಲ.

ಮೊದಲ ವರ್ಷದಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಭಾರ ಅವನ ಮೇಲೆ ಬೀಳುತ್ತದೆ. ಕನ್ನಡದಲ್ಲಿ ಕಲಿತವನಿಗೆ ಇಂಗ್ಲಿಷಿನ ತೊಡಕು ಬೇರೆ. ಶಾಲೆಗೆ ಮೊದಲಿಗನಾಗಿದ್ದವನು ಇಲ್ಲಿ ಮೊದಲಿಗರ ಗುಂಪಿನಲ್ಲೊಬ್ಬ. ಒಂದು ಕಿರುಪರೀಕ್ಷೆಯಲ್ಲಿ ಸೋತರೆ ಅದನ್ನು ಮನೆಯಲ್ಲಿ ಹೇಳಲು ನಾಚುತ್ತಾನೆ, ಗುರುಗಳನ್ನು ಕೇಳಲು ಅಂಜುತ್ತಾನೆ. ಸೋಲನ್ನು ಮುಚ್ಚಿಟ್ಟಷ್ಟೂ ಪಾಠ ಹಿಂದೆ ಬೀಳುತ್ತದೆ. ಅವನಲ್ಲಿ ಕೊರತೆಯಿರುವುದು ಬುದ್ಧಿಗಲ್ಲ. ಸೋಲನ್ನು ಸಹಿಸಿ, ನೆರವು ಕೇಳಿ, ಮತ್ತೆ ಎದ್ದು ನಿಲ್ಲುವ ಅಭ್ಯಾಸಕ್ಕೆ.

ಈ ಶಕ್ತಿಗೆ 1990ರಲ್ಲಿ ಅಮೇರಿಕೆಯ ಮನೋವಿಜ್ಞಾನಿಗಳಾದ ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಭಾವನಾತ್ಮಕ ಬುದ್ಧಿಮತ್ತೆ ಎಂಬ ಹೆಸರಿನಿಂದ ಶಾಸ್ತ್ರೀಯ ನಿರೂಪಣೆ ನೀಡಿದರು. 1995ರಲ್ಲಿ ಡೇನಿಯಲ್ ಗೋಲ್ಮನ್ನರ ಗ್ರಂಥವು ಅದನ್ನು ಲೋಕಪ್ರಸಿದ್ಧಗೊಳಿಸಿತು. ಇದೊಂದಿದ್ದರೆ ಓದೇ ಬೇಡವೆಂದು ಯಾರೂ ಭಾವಿಸಬಾರದು. ನರನಾಡಿಗಳ ಹೆಸರುಗಳು ಕುಳಿತು ಓದಿದವನಿಗೇ ಒಲಿಯುತ್ತವೆ. ಬೆಲ್ಜಿಯಮ್ ದೇಶದ ವೈದ್ಯ ವಿದ್ಯಾರ್ಥಿಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಮಿತಿಯನ್ನೂ ಮಹತ್ವವನ್ನೂ ಒಟ್ಟಿಗೇ ತೋರಿಸಿತು. ಭಾವನೆಗಳನ್ನು ಹತೋಟಿಯಲ್ಲಿಡಬಲ್ಲವರು ಮುಖ್ಯವಾಗಿ ರೋಗಿಯೊಡನೆ ಮಾತನಾಡುವ, ಅವನನ್ನು ಅರಿಯುವ ಪಾಠಗಳಲ್ಲಿ ಮುಂದಿದ್ದರು.

ಇದು ನಮ್ಮ ಗಡಿಭಾಗಕ್ಕೆ ದೂರದ ಮಾತಲ್ಲ. 1962ರಲ್ಲಿ ಮಿರಜದಲ್ಲಿಯೂ 1963ರಲ್ಲಿ ಬೆಳಗಾವಿಯಲ್ಲಿಯೂ ವೈದ್ಯಕೀಯ ಕಾಲೇಜುಗಳು ಆರಂಭವಾದವು. ನಮ್ಮ ರೋಗಿಗಳು ಕನ್ನಡ ಮರಾಠಿಗಳನ್ನು ಬೆರೆಸಿಕೊಂಡು ಈ ಎರಡೂ ಊರುಗಳ ಆಸ್ಪತ್ರೆಗಳ ಮೆಟ್ಟಿಲೇರುತ್ತಾರೆ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಿ ತನ್ನ ಕೆಮ್ಮಿನ ಕಥೆಯನ್ನು ಒಂದೇ ಉಸಿರಿಗೆ ಹೇಳಲಾರಳು. ರಾಯಬಾಗದ ಕಬ್ಬಿನ ರೈತ ಸಾಲದ ಚಿಂತೆಯನ್ನು ಹೊಟ್ಟೆನೋವೆಂದೇ ಹೇಳಿಯಾನು. ಕೇಳುವವನಲ್ಲಿ ತಾಳ್ಮೆಯಿಲ್ಲದಿದ್ದರೆ ರೋಗದ ಮುಖ್ಯ ಸುಳಿವೇ ಕೈತಪ್ಪುತ್ತದೆ. ಆದ್ದರಿಂದ ಭಾವಸಂಯಮವು ವೈದ್ಯವಿದ್ಯೆಯ ಅಲಂಕಾರವಲ್ಲ, ಅದರ ಒಂದು ಅಂಗ.

ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ 720 ಅಂಕಗಳಿವೆ. ಅವುಗಳಲ್ಲಿ ಒಂದೂ ಈ ಗುಣವನ್ನು ಅಳೆಯುವುದಿಲ್ಲ. 2019ರಲ್ಲಿ ಜಾರಿಗೆ ಬಂದ ಹೊಸ ಪಠ್ಯಕ್ರಮವು ಮನೋಭಾವ, ನೀತಿ, ಸಂವಹನಗಳ ಬೋಧನೆಯನ್ನು ಎಂ.ಬಿ.ಬಿ.ಎಸ್. ಶಿಕ್ಷಣದಲ್ಲಿ ಸೇರಿಸಿತು. ಇದು ಸ್ವಾಗತಾರ್ಹ. ಆದರೆ ಹದಿನೆಂಟರ ವಯಸ್ಸಿನವರೆಗೆ ಬಿತ್ತದೆ ಬಿಟ್ಟ ಹೊಲದಲ್ಲಿ ಕಾಲೇಜು ಒಮ್ಮೆಲೇ ಬೆಳೆ ತೆಗೆಯಲಾರದು.

ಬಿತ್ತುವ ಕೆಲಸ ಮನೆಯದು, ಶಾಲೆಯದು, ಪ್ರಸಾದ ನಿಲಯದ್ದು. ಒಂದೇ ಪಂಕ್ತಿಯಲ್ಲಿ ಉಂಡು, ಜ್ವರ ಬಂದ ಗೆಳೆಯನಿಗೆ ಗಂಜಿ ಒಯ್ದ ಬಾಲಕ ಪರರ ನೋವಿನ ಮೊದಲ ಪಾಠವನ್ನು ಅಲ್ಲಿಯೇ ಕಲಿತಿರುತ್ತಾನೆ. "ನನಗೆ ತಿಳಿಯಲಿಲ್ಲ" ಎಂದು ಎದ್ದು ನಿಂತವನನ್ನು ನೋಡಿ ತರಗತಿ ನಗಬಾರದು. ಗುರುಗಳು ಅವನ ಧೈರ್ಯವನ್ನು ಮೆಚ್ಚಬೇಕು. ಪಾಲಕರು ಅಂಕ ಕೇಳುವ ಮೊದಲು ಕುಶಲ ಕೇಳಬೇಕು. ಪ್ರವೇಶ ದೊರೆತಾಗ ಸತ್ಕರಿಸುವ ಊರು, ಮೊದಲ ಪರೀಕ್ಷೆಯಲ್ಲಿ ಸೋತು ಮನೆಗೆ ಬಂದ ಮಗುವನ್ನೂ ಅಷ್ಟೇ ಪ್ರೀತಿಯಿಂದ ಬರಮಾಡಿಕೊಳ್ಳಲಿ. ತನ್ನ ಸೋಲಿನಲ್ಲಿ ಸಾಂತ್ವನ ಕಂಡವನೇ ನಾಳೆ ರೋಗಿಯ ಹಾಸಿಗೆಯ ಬಳಿ ಸಾಂತ್ವನ ನುಡಿಯಬಲ್ಲನು.