ಸ್ಪ್ಯಾನಿಷ್ ಓದಿದರೆ ಕೆಲಸ ಸಿಗುತ್ತಾ?

ಬಿ.ಎ. ಎಂದರೆ ‘ಬೇರೇನೂ ಸಿಗಲಿಲ್ಲವಾ?’ ಎಂದು ಕೇಳುವ ಕಾಲವಿದು. ಚಿಕ್ಕಮ್ಮನ ಮಗಳಿಗೆ ಇತಿಹಾಸ, ಸಮಾಜಶಾಸ್ತ್ರದ ಜೊತೆ ಸ್ಪ್ಯಾನಿಷ್ ಓದುವ ಆಸೆ. ಮನೆಯವರೆಲ್ಲ ನನ್ನನ್ನು ತೋರಿಸಿ ‘ಅಣ್ಣನ ಹಾಗೆ ಬಿ.ಇ. ಮಾಡು’ ಎನ್ನುತ್ತಿದ್ದಾರೆ. ಬಿ.ಇ. ಓದುತ್ತಿರುವ ನಾನು ಮಾತ್ರ ಅವಳ ಪರ.

ಸ್ಪ್ಯಾನಿಷ್ ಸುಮಾರು 20 ದೇಶಗಳ ಅಧಿಕೃತ ಭಾಷೆ. ಮೆಕ್ಸಿಕೊ, ಅರ್ಜೆಂಟೀನಾಗಳಲ್ಲಿ ವ್ಯವಹಾರ ನಡೆಯುವುದು ಅದರಲ್ಲೇ. ಆದರೆ ಬರೀ ಮಾತು ಕಲಿತರೆ ಸಾಲದು. ಅಷ್ಟನ್ನು ಮೊಬೈಲೇ ಅನುವಾದಿಸುತ್ತದೆ. ಆ ಜನರ ಚರಿತ್ರೆ, ಸಾಹಿತ್ಯ, ಸಮಾಜವನ್ನೂ ಓದಿದವರಿಗೆ ಬೆಲೆ ಹೆಚ್ಚು. ಇದಕ್ಕೆ ಮಂಗಳೂರೇ ಸಾಕ್ಷಿ. ಜರ್ಮನಿಯ ಕಿಟೆಲ್ ಬರೀ ಪದ ಕೂಡಿಡಲಿಲ್ಲ. ಹಳಗನ್ನಡ ಕಾವ್ಯ, ವ್ಯಾಕರಣ, ಗಾದೆಗಳನ್ನೂ ಓದಿದರು, ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. 1894ರಲ್ಲಿ ಇಲ್ಲಿ ಅಚ್ಚಾದ ಅವರ ನಿಘಂಟನ್ನು ಇಂದಿಗೂ ತೆರೆಯುತ್ತೇವೆ.

ನಿಜವಾದ ತೊಡಕು ಬೇರೆಯದೇ. ಸ್ಪ್ಯಾನಿಷ್‌ನಲ್ಲಿ ಬಿ.ಎ. ಮಾಡಬೇಕೆಂದರೆ ದೆಹಲಿಯ ಜೆಎನ್‌ಯು, ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯಗಳ ಕಡೆ ನೋಡಬೇಕು. ಕುದ್ರೋಳಿಯ ಮಧ್ಯಮ ವರ್ಗದ ಮನೆಗೆ ಆ ದೂರವೂ ಖರ್ಚೂ ಸಣ್ಣದಲ್ಲ. ತುಳು, ಕೊಂಕಣಿ, ಬ್ಯಾರಿ, ಕನ್ನಡವನ್ನು ಒಂದೇ ಬೀದಿಯಲ್ಲಿ ಕೇಳಿ ಬೆಳೆದ ನಮಗೆ ಇನ್ನೊಂದು ಭಾಷೆ ಭಾರವಲ್ಲ. ನಮ್ಮೂರಿನ ಕಾಲೇಜುಗಳು ಮಾನವಿಕ ವಿಷಯಗಳ ಜೊತೆ ವಿದೇಶಿ ಭಾಷೆಯೊಂದನ್ನು ಪೂರ್ಣ ವಿಷಯವಾಗಿ ಕಲಿಸಬೇಕು.

ಆಸಕ್ತಿಯಿರುವ ಗೆಳೆಯರು ಸೇರುವ ಮೊದಲೇ ಆರು ತಿಂಗಳು ಭಾಷೆ ಕಲಿತು ನೋಡಿ. ಎ1ರಿಂದ ಸಿ2ರವರೆಗೆ ಆರು ಹಂತಗಳಿರುವ ‘ಡೆಲೆ’ ಪರೀಕ್ಷೆಯಲ್ಲಿ ಪದವಿ ಮುಗಿಯುವಷ್ಟರಲ್ಲಿ ಬಿ2 ದಾಟುವ ಗುರಿ ಇಟ್ಟುಕೊಳ್ಳಿ. ಮನೆಯವರ ಪ್ರಶ್ನೆಗೆ ಆಗ ಕೈಯಲ್ಲೊಂದು ಉತ್ತರ ಇರುತ್ತದೆ.